ಬಾಗಿಲು ಮುಚ್ಚಿದ ಮೇಲೆ: ಅಮೆರಿಕದ ಲೆಮ್ಕೊಗಳು, 1919–1939

ಕಾರ್ಪೇಥಿಯನ್ ಬೆಟ್ಟಗಳ ಉತ್ತರದ ಇಳಿಜಾರಿನಲ್ಲಿ, ಇಂದಿನ ಪೋಲೆಂಡಿನ ಆಗ್ನೇಯದಲ್ಲಿ, ಪೊಪ್ರಾದ್ ಹೊಳೆಯಿಂದ ಓಸ್ಲಾವಾ ಹೊಳೆಯ ಆಸುಪಾಸಿನವರೆಗೆ ಹಬ್ಬಿದ್ದ ಹಳ್ಳಿಗಳ ಜನ "ಅಷ್ಟೇ", "ಮಾತ್ರ" ಎನ್ನಬೇಕಾದಲ್ಲೆಲ್ಲ "ಲೆಮ್" ಎನ್ನುತ್ತಿದ್ದರು. ಮಾತುಮಾತಿಗೂ ಲೆಮ್ ಎನ್ನುವವರನ್ನು ಅಕ್ಕಪಕ್ಕದವರು ಲೆಮ್ಕೊ ಎಂದು ಆಡಿಕೊಂಡರು. ಅವರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದದ್ದು ರುಸ್ನಾಕ್ ಅಥವಾ ರುಸಿನ್ ಎಂದು. ಅಡ್ಡಹೆಸರೊಂದು ಜನಾಂಗದ ಹೆಸರಾಗಿ, ಆಮೇಲೆ ಪತ್ರಿಕೆಯ ತಲೆಬರಹವಾಗಿ, ಸಂಘದ ಮೊಹರಾಗಿ ಬೆಳೆದದ್ದು ಇಪ್ಪತ್ತನೇ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ. "ಲೆಮ್ಕೊ" ಎಂಬ ಹೆಸರಿನ ವಾರಪತ್ರಿಕೆ 1911ರಲ್ಲೇ ಆಸ್ಟ್ರಿಯಾ ಆಳ್ವಿಕೆಯ ಗಲೀಷಿಯಾದಲ್ಲಿ ಹೊರಟಿತ್ತು, ಯುದ್ಧ ಅದನ್ನು ನುಂಗಿತು. ಆ ಹೆಸರು ಗಟ್ಟಿಯಾಗಿ ತಳವೂರಿದ್ದು ಮಾತ್ರ ಸಾಗರದಾಚೆ, ಗಣಿ ಊರುಗಳಲ್ಲಿ ಮತ್ತು ಕಾರ್ಖಾನೆ ಊರುಗಳಲ್ಲಿ. ಅದಕ್ಕೆ ಒಂದು ಮುಖ್ಯ ಕಾರಣ 1924ರ ಅಮೆರಿಕದ ವಲಸೆ ಕಾನೂನು ಎಂಬುದು ನನ್ನ ಲೆಕ್ಕ. ಹೇಗೆಂದು ನೋಡೋಣ.

ಅದಕ್ಕೂ ಹಿಂದಿನದು ಸ್ವಲ್ಪ ಬೇಕು. ಈ ಬೆಟ್ಟದವರಿಗೆ ಊರು ಬಿಟ್ಟು ದುಡಿಯುವುದು ಹೊಸದಾಗಿರಲಿಲ್ಲ. ಲೋಸ್ಯೆ ಎಂಬ ಹಳ್ಳಿಯವರು ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ದೇಶದೇಶ ತಿರುಗಿ ಮಾರುತ್ತಿದ್ದರು. ಉಳಿದವರು ಸುಗ್ಗಿಯ ಕಾಲಕ್ಕೆ ಬೆಟ್ಟ ದಾಟಿ ಹಂಗೇರಿಯ ಬಯಲಿಗೆ ಕೊಯ್ಲಿಗೆ ಹೋಗಿ, ಕೂಲಿಯ ಕಾಳು ತರುತ್ತಿದ್ದರು. 1870–80ರ ದಶಕಗಳಲ್ಲಿ ಪೆನ್ಸಿಲ್ವೇನಿಯಾದ ಆಂಥ್ರಸೈಟ್ (ಗಟ್ಟಿ ಕಲ್ಲಿದ್ದಲು) ಗಣಿಗಳಿಗೆ ಹೊರಟವರ ಮನಸ್ಸಿನಲ್ಲಿದ್ದದ್ದೂ ಅದೇ ಲೆಕ್ಕ, ದಾರಿ ಮಾತ್ರ ಉದ್ದ. ಮೂರು ನಾಲ್ಕು ವರ್ಷ ದುಡಿ, ಡಾಲರ್ ಕೂಡಿಡು, ಊರಿಗೆ ಮರಳಿ ಒಂದೆರಡು ಮೋರ್ಗ್ ನೆಲ ಕೊಳ್ಳು. ಒಂದು ಮೋರ್ಗ್ ಎಂದರೆ ಅರ್ಧ ಹೆಕ್ಟೇರಿಗಿಂತ ತುಸು ಹೆಚ್ಚು, 0.5755 ಹೆಕ್ಟೇರ್. ದುಡ್ಡು ಸಾಲದಿದ್ದರೆ ಮತ್ತೊಮ್ಮೆ ಹಡಗು ಹತ್ತು.

ಮರಳುವವರು ಊರು ಕಟ್ಟುವುದಿಲ್ಲ, ಹೆಣ ಹೂಳುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಹಾಗಾಗಿ ಮೊದಲು ಹುಟ್ಟಿದ್ದು ಚರ್ಚು ಮತ್ತು ಮರಣನಿಧಿ. ಪೆನ್ಸಿಲ್ವೇನಿಯಾದ ಗಣಿ ಊರು ಶೆನಂಡೋವಾಕ್ಕೆ 1884ರ ಕೊನೆಯಲ್ಲಿ ಗ್ರೀಕ್ ಕ್ಯಾಥೊಲಿಕ್ (ಪೂರ್ವದ ವಿಧಿಯಲ್ಲಿ ಪೂಜಿಸಿ ರೋಮಿನ ಪೋಪರನ್ನು ಒಪ್ಪುವ) ಪಾದ್ರಿ ಇವಾನ್ ವೊಲ್ಯಾನ್ಸ್ಕಿ ಬಂದಿಳಿದರು. 1892ರಲ್ಲಿ ವಿಲ್ಕ್ಸ್‌ಬ್ಯಾರಿಯಲ್ಲಿ ಗ್ರೀಕ್ ಕ್ಯಾಥೊಲಿಕ್ ಯೂನಿಯನ್, 1894ರಲ್ಲಿ ಶಮೋಕಿನ್‌ನಲ್ಲಿ ರುಸ್ಕಿ ನಾರೋದ್ನಿ ಸೊಯೂಜ್, 1900ರಲ್ಲಿ ಮಹನೋಯ್ ಸಿಟಿಯಲ್ಲಿ ರಷ್ಯನ್ ಬ್ರದರ್‌ಹುಡ್ ಎಂಬ ಮರಣನಿಧಿ ಸಂಘಗಳು ಶುರುವಾದವು. ಮೂರಕ್ಕೂ ತಲಾ ಒಂದು ಪತ್ರಿಕೆ, ತಲಾ ಒಂದು ರಾಜಕೀಯ. ಲೆಮ್ಕೊ ಗಣಿಕಾರ್ಮಿಕ ಯಾವ ಸಂಘಕ್ಕೆ ಚಂದಾ ಕಟ್ಟಿದ ಎನ್ನುವುದರ ಮೇಲೆ ಅವನ ಮಕ್ಕಳು ಮುಂದೆ ತಮ್ಮನ್ನು ಉಕ್ರೇನಿಯನ್ ಎಂದುಕೊಂಡರೋ, ರಷ್ಯನ್ ಎಂದುಕೊಂಡರೋ, ಕಾರ್ಪಾಥೊ-ರಷ್ಯನ್ ಎಂದುಕೊಂಡರೋ ಎಂಬುದು ಬಹುಪಾಲು ನಿಂತಿತ್ತು. ರಾಷ್ಟ್ರೀಯತೆಯ ಬಗ್ಗೆ ಬರೆಯುವವರು ಈ ವಿಮೆಯ ಪುಸ್ತಕವನ್ನು ಅಷ್ಟಾಗಿ ತೆರೆದು ನೋಡುವುದಿಲ್ಲ, ನೋಡಬೇಕು.

ಆ ವಿಮೆಯಲ್ಲಿ ಒಂದು ದೋಷವಿತ್ತು. ಆರಂಭದ ಕಾಲದಲ್ಲಿ ಇಂಥ ಸಂಘಗಳಲ್ಲಿ ಇಪ್ಪತ್ತರ ಹುಡುಗನೂ ನಲವತ್ತೈದರ ಗಂಡಸೂ ಹೆಚ್ಚುಕಡಿಮೆ ಒಂದೇ ಮೊತ್ತ ಕಟ್ಟುತ್ತಿದ್ದರು, ಸಾವಾದಾಗ ಎಲ್ಲರ ತಲೆಯ ಮೇಲೂ ಇಷ್ಟಿಷ್ಟು ಎಂದು ಎತ್ತುತ್ತಿದ್ದರು. ಸದಸ್ಯರೆಲ್ಲ ಎಳೆಯರಾಗಿದ್ದಾಗ ಇದು ನಡೆಯಿತು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅವರಿಗೇ ವಯಸ್ಸಾಗಿ, ಕಲ್ಲಿದ್ದಲ ದೂಳಿಗೆ ಶ್ವಾಸಕೋಶ ಕೆಟ್ಟು, ಸಾವುಗಳು ಹೆಚ್ಚಿದವು. ಆಗ ಎತ್ತುವಳಿಯೂ ಹೆಚ್ಚಿತು. ಹೊಸ ಹುಡುಗರು "ಮುದುಕರ ಹೆಣಕ್ಕೆ ನಾನ್ಯಾಕೆ ದುಡ್ಡು ಕೊಡಲಿ" ಎಂದು ದೂರ ನಿಂತರೆ ಸಂಘ ಇನ್ನಷ್ಟು ಮುದಿಯಾಗುತ್ತದೆ. ಈ ಸುಳಿಯಿಂದ ಹೊರಬರಲು ಇದ್ದ ದಾರಿ ಒಂದೇ: ವಯಸ್ಸಿಗೆ ತಕ್ಕ ಕಂತು ಮತ್ತು ಮೀಸಲು ನಿಧಿ. ಅಮೆರಿಕದ ರಾಜ್ಯ ಸರ್ಕಾರಗಳು ಮರಣದರದ ಕೋಷ್ಟಕದಂತೆ ಕಂತು ಕಟ್ಟಿಸಿ ಎಂದು ಪಟ್ಟುಹಿಡಿದದ್ದರಿಂದಲೇ ದೊಡ್ಡ ಸಂಘಗಳು ಉಳಿದವು. ಚರ್ಚಿನ ನೆಲಮಾಳಿಗೆಯ ಪುಟ್ಟ ನಿಧಿಗಳಿಗೆ ಅಷ್ಟು ತ್ರಾಣವಿರಲಿಲ್ಲ.

ಈಗ ಕಾನೂನಿಗೆ ಬರೋಣ. 1917ರಲ್ಲಿ ಓದಿನ ಪರೀಕ್ಷೆ ಬಂತು. ಹದಿನಾರು ದಾಟಿದವರು ತಮಗೆ ಬಂದ ಯಾವುದೇ ಭಾಷೆಯಲ್ಲಿ 30ರಿಂದ 40 ಪದಗಳ ಒಂದು ತುಣುಕು ಓದಿ ತೋರಿಸಬೇಕು, ತಲೆಗೆ 8 ಡಾಲರ್ ತೆರಿಗೆ ಕೊಡಬೇಕು. 1921ರ ಕಾನೂನು 1910ರ ಜನಗಣತಿಯಲ್ಲಿದ್ದ ಆಯಾ ದೇಶದವರ ಸಂಖ್ಯೆಯ ಶೇಕಡಾ 3ರಷ್ಟು ಮಂದಿಗೆ ಮಾತ್ರ ವರ್ಷಕ್ಕೆ ಪ್ರವೇಶ ಎಂದಿತು. 1924ರದು ಇನ್ನೂ ಬಿಗಿ: ಶೇಕಡಾ 2, ಅದೂ 1890ರ ಗಣತಿಯ ಮೇಲೆ. 1890ರಲ್ಲಿ ಪೂರ್ವ ಯುರೋಪಿನವರು ಇನ್ನೂ ಅಷ್ಟಾಗಿ ಬಂದಿರಲಿಲ್ಲ, ಆ ವರ್ಷವನ್ನೇ ಆರಿಸಿದ್ದರ ಮರ್ಮ ಅದೇ. ಇಡೀ ಪೋಲೆಂಡಿಗೆ ಸಿಕ್ಕಿದ್ದು ವರ್ಷಕ್ಕೆ 5,982 ಜಾಗ, ಚೆಕೊಸ್ಲೊವಾಕಿಯಾಕ್ಕೆ 3,073. ಕೋಟಾ ಹುಟ್ಟಿದ ದೇಶದ ಮೇಲಿತ್ತು, ಭಾಷೆಯ ಮೇಲಲ್ಲ. ಪೋಲರು, ಯಹೂದಿಗಳು, ಉಕ್ರೇನಿಯನ್ನರು, ಬೆಲರೂಸಿಯನ್ನರು ನಿಂತ ಸಾಲಿನಲ್ಲೇ ಲೆಮ್ಕೊ ಕೂಡ ನಿಲ್ಲಬೇಕು.

ಒಂದು ಸಂದಿ ಉಳಿದಿತ್ತು. ಅಮೆರಿಕದ ಪೌರನ ಹೆಂಡತಿಗೂ ಹದಿನೆಂಟರೊಳಗಿನ ಅವಿವಾಹಿತ ಮಕ್ಕಳಿಗೂ ಕೋಟಾ ಅನ್ವಯಿಸುತ್ತಿರಲಿಲ್ಲ. ವರ್ಷಗಟ್ಟಲೆ ಕಾಗದಪತ್ರಗಳನ್ನು ತಳ್ಳಿಕೊಂಡು ಬಂದಿದ್ದ ಗಂಡಸರು ಈಗ ಪೌರತ್ವಕ್ಕೆ ಓಡಿದರು. ಕ್ರಮ ಹೀಗಿತ್ತು. ಮೊದಲು ಕೋರ್ಟಿನಲ್ಲಿ ಉದ್ದೇಶದ ಘೋಷಣೆ, ಅದನ್ನು "ಫಸ್ಟ್ ಪೇಪರ್ಸ್" ಎನ್ನುತ್ತಿದ್ದರು. ಅದಾಗಿ ಎರಡು ವರ್ಷ ಕಳೆದ ಮೇಲೆ, ಏಳು ವರ್ಷದೊಳಗೆ ಅರ್ಜಿ. ಅರ್ಜಿಯ ಹೊತ್ತಿಗೆ ಸತತ ಐದು ವರ್ಷ ದೇಶದಲ್ಲಿ ವಾಸವಾಗಿರಬೇಕು, ಪೌರರಾದ ಇಬ್ಬರು ಸಾಕ್ಷಿ ಹೇಳಬೇಕು, ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು, 90 ದಿನ ಕಾಯಬೇಕು. ಎಡವುವ ಜಾಗಗಳು ಮೂರು. ಫಸ್ಟ್ ಪೇಪರ್ಸ್ ಮಾಡಿಸಿ ಏಳು ವರ್ಷ ಸುಮ್ಮನಿದ್ದವನದು ರದ್ದು. ನಡುವೆ ನೆಲ ಕೊಳ್ಳಲೆಂದು ಊರಿಗೆ ಹೋಗಿ ದೀರ್ಘಕಾಲ ಉಳಿದವನ "ಸತತ ವಾಸ" ಮುರಿಯಿತು. ಮೂರನೆಯದು ಎಲ್ಲಕ್ಕಿಂತ ಕಿರಿಕಿರಿ. 1906ರ ಜೂನ್ 29ರ ನಂತರ ಬಂದವನ ಅರ್ಜಿಗೆ ಹಡಗಿನ ಪಟ್ಟಿಯಿಂದ ತೆಗೆದ ಆಗಮನ ಪ್ರಮಾಣಪತ್ರ ಬೇಕು. ಹಡಗಿನ ಗುಮಾಸ್ತ ಪೋಲಿಷ್ ಅಥವಾ ಜರ್ಮನ್ ಕಾಗುಣಿತದಲ್ಲಿ ಬರೆದ ಹೆಸರು ಒಂದು, ಗಣಿಯ ಸಂಬಳಪಟ್ಟಿಯ ಹೆಸರು ಇನ್ನೊಂದು. ಎರಡೂ ಒಬ್ಬನೇ ಎಂದು ತೋರಿಸುವುದರಲ್ಲೇ ತಿಂಗಳುಗಳು ಹೋಗುತ್ತಿದ್ದವು.

ಹೀಗೆ ಗಂಡಸರು ಪೌರರಾದರು, ಹೆಂಗಸರು ಮಕ್ಕಳು ಬಂದರು, ಬೋರ್ಡಿಂಗ್ ಮನೆಗಳು ಕರಗಿದವು. ಪಾಳಿಯ ಪ್ರಕಾರ ಒಂದೇ ಹಾಸಿಗೆಯಲ್ಲಿ ಹಗಲು ಒಬ್ಬ, ರಾತ್ರಿ ಒಬ್ಬ ಮಲಗುತ್ತಿದ್ದ ಜೀವನ ಮುಗಿದು ಸಂಸಾರ ಶುರುವಾಯಿತು. ಹೊಸಬರ ಹೊಳೆ ನಿಂತಿತು. ಊರಿಗೆ ಮರಳಿದವನು ಮತ್ತೆ ಬರಲಾರ, ಆದ್ದರಿಂದ ಮರಳುವವರೂ ಕಡಿಮೆಯಾದರು. ತಾತ್ಕಾಲಿಕರೆಲ್ಲ ಒಂದೇ ಏಟಿಗೆ ಕಾಯಂ ಆದರು. ಹಾಡು, ಭಾಷೆ, ನಾಟಕ ಇವುಗಳನ್ನು ಊರೇ ಕಾಪಾಡುತ್ತದೆ ಎಂದು ನಂಬಿಕೊಂಡಿದ್ದವರಿಗೆ ಇನ್ನು ತಾವೇ ಮಾಡಿಕೊಳ್ಳಬೇಕು ಎಂಬುದು ಆಗ ತಿಳಿದದ್ದು.

ಕಾಯಂ ಆದದ್ದು ದೇಶದಲ್ಲಿ, ಊರಿನಲ್ಲಲ್ಲ. ಆಂಥ್ರಸೈಟ್ ಉತ್ಪಾದನೆ 1917ರಲ್ಲಿ ಸುಮಾರು 10 ಕೋಟಿ ಟನ್ ಮುಟ್ಟಿ ಅಲ್ಲಿಂದ ಇಳಿಮುಖವಾಯಿತು. 1925ರ ಸೆಪ್ಟೆಂಬರಿನಿಂದ 1926ರ ಫೆಬ್ರವರಿವರೆಗಿನ ಗಣಿ ಮುಷ್ಕರದಲ್ಲಿ ಗಿರಾಕಿಗಳು ಎಣ್ಣೆ, ಅನಿಲ, ಮೆದು ಕಲ್ಲಿದ್ದಲಿಗೆ ತಿರುಗಿ, ಅವರಲ್ಲಿ ಎಷ್ಟೋ ಮಂದಿ ಮತ್ತೆ ಮರಳಲಿಲ್ಲ. ಲೆಮ್ಕೊಗಳು ಶಮೋಕಿನ್, ಮೇಫೀಲ್ಡ್, ಆಲಿಫಂಟ್ ಬಿಟ್ಟು ಯಾಂಕರ್ಸ್‌ನ ರತ್ನಗಂಬಳಿ ಗಿರಣಿಗೆ, ಪಸೇಕ್‌ನ ಉಣ್ಣೆ ಗಿರಣಿಗಳಿಗೆ, ಬ್ರಿಡ್ಜ್‌ಪೋರ್ಟ್‌ಗೆ, ಕ್ಲೀವ್‌ಲ್ಯಾಂಡಿನ ಉಕ್ಕಿನ ಕುಲುಮೆಗಳಿಗೆ ಹೋದರು. ಅಮೆರಿಕಕ್ಕೆ ಬರಲಾಗದ ಹೊಸಬರು ಕೆನಡಾ, ಅರ್ಜೆಂಟೀನಾ, ಫ್ರಾನ್ಸ್ ಹಿಡಿದರು. 1925ರ ಒಪ್ಪಂದದಂತೆ ಕೆನಡಾದ ಎರಡು ರೈಲ್ವೆ ಕಂಪನಿಗಳೇ ಪೂರ್ವ ಯುರೋಪಿನಿಂದ ಬೇಸಾಯದ ಕೂಲಿಗಳನ್ನು ಕರೆತರುತ್ತಿದ್ದವು. ಬೇಸಾಯಕ್ಕೆಂದು ಬಂದವರು ಒಂದು ಸುಗ್ಗಿ ಮುಗಿಯುತ್ತಲೇ ನಗರಕ್ಕೆ ಜಾರಿಕೊಂಡದ್ದು ಅಚ್ಚರಿಯಲ್ಲ. ಆಮೇಲೆ ಆರ್ಥಿಕ ಮಹಾಕುಸಿತ ಬಂತು, 1930–31ರಲ್ಲಿ ಕೆನಡಾ ಕೂಡ ಬಾಗಿಲು ಹಾಕಿತು. ಸರ್ಕಾರದ ನೆರವಿಗೆ ಕೈಚಾಚಿದ ವಲಸಿಗನನ್ನು ಗಡೀಪಾರು ಮಾಡುವ ಅಧಿಕಾರ ಅಲ್ಲಿತ್ತು, ಅದನ್ನು ಧಾರಾಳವಾಗಿ ಬಳಸಿದರು ಕೂಡ.

ಚರ್ಚಿನ ಜಗಳ ದೊಡ್ಡ ಕಥೆ, ಇಲ್ಲಿ ಬೇಕಾದಷ್ಟೇ ಹೇಳುತ್ತೇನೆ. 1924ರಲ್ಲಿ ರೋಮ್ ಅಮೆರಿಕದ ಗ್ರೀಕ್ ಕ್ಯಾಥೊಲಿಕರಿಗೆ ಇಬ್ಬರು ಬಿಷಪ್ಪರನ್ನು ಕೊಟ್ಟಿತು. ಗಲೀಷಿಯಾದವರಿಗೆ ಫಿಲಡೆಲ್ಫಿಯಾದಲ್ಲಿ ಬೊಹಾಚೆವ್ಸ್ಕಿ, ಬೆಟ್ಟದ ದಕ್ಷಿಣದವರಿಗೆ ಪಿಟ್ಸ್‌ಬರ್ಗ್‌ನಲ್ಲಿ ಟಕಾಚ್. ಒಂದೇ ಬೆಟ್ಟದ ಎರಡು ಬದಿಯ, ಒಂದೇ ಮಾತಾಡುವ ಜನ ಹಳೆಯ ಆಸ್ಟ್ರಿಯಾ-ಹಂಗೇರಿ ಗಡಿಯನ್ನು ಪೆನ್ಸಿಲ್ವೇನಿಯಾದಲ್ಲೂ ಹೊತ್ತು ತಿರುಗುವಂತಾಯಿತು. ಲೆಮ್ಕೊಗಳು ಉಕ್ರೇನಿಯನ್ ಬಿಷಪ್ಪರ ಪಾಲಿಗೆ ಬಿದ್ದರು, ಅವರಲ್ಲಿ ಅನೇಕರಿಗೆ ಅದು ಒಗ್ಗಲಿಲ್ಲ. 1929ರಲ್ಲಿ ಹೊಸ ಪಾದ್ರಿಗಳು ಮದುವೆಯಾಗಿರಕೂಡದು ಎಂಬ ಆಜ್ಞೆ ಬಂದಾಗ ಇನ್ನಷ್ಟು ಸಿಟ್ಟು. ಸಾವಿರಾರು ಮಂದಿ ಪೋಪರನ್ನು ಬಿಟ್ಟು, ಅದೇ ಪೂರ್ವದ ವಿಧಿಯ ಆರ್ಥೊಡಾಕ್ಸ್ ಚರ್ಚು ಸೇರಿದರು. ಊರಿನ ಕಡೆಯೂ ಹಾಗೆಯೇ ಆಯಿತು: 1926ರ ನವೆಂಬರಿನಲ್ಲಿ ತಿಲಾವಾ ಎಂಬ ಹಳ್ಳಿ ಆರ್ಥೊಡಾಕ್ಸ್ ಆದದ್ದೇ ಬೆಂಕಿಯಂತೆ ಹಬ್ಬಿತು. ಅದನ್ನು ತಣಿಸಲು ವ್ಯಾಟಿಕನ್ 1934ರಲ್ಲಿ ಲೆಮ್ಕೊ ಪ್ರದೇಶಕ್ಕೇ ಬೇರೆ ಆಡಳಿತ ರಚಿಸಬೇಕಾಯಿತು. ಅಮೆರಿಕದಲ್ಲಿ ಪಂಗಡ ಬದಲಾಯಿಸುವಾಗ ಕಟ್ಟಡ ಯಾರದು ಎಂಬ ಪ್ರಶ್ನೆ ನೇರ ಕೋರ್ಟಿಗೆ ಹೋಗುತ್ತಿತ್ತು. ಕ್ರಯಪತ್ರದಲ್ಲಿ ಬಿಷಪ್ಪರ ಹೆಸರಿದೆಯೋ ಊರಿನ ಟ್ರಸ್ಟಿಗಳ ಹೆಸರಿದೆಯೋ, "ರೋಮಿನೊಂದಿಗೆ ಐಕ್ಯ" ಎಂಬ ಮಾತಿದೆಯೋ ಇಲ್ಲವೋ ಎನ್ನುವುದರ ಮೇಲೆ ತೀರ್ಪು ವಾಲುತ್ತಿತ್ತು. ಇಟ್ಟಿಗೆ ಹೊತ್ತವರು ಗಣಿಯವರು, ಕಟ್ಟಡ ಹೋದದ್ದು ಕಾಗದ ಬರೆಸಿದವರ ಕೈಗೆ.

ಇಂಥ ಹೊತ್ತಿನಲ್ಲಿ ಚರ್ಚಿಗೂ ಬಿಷಪ್ಪರಿಗೂ ಅಂಟಿಕೊಳ್ಳದ ಸಂಘವೊಂದರ ಹಸಿವು ಸಹಜ. ಡಿಮಿತ್ರಿ ವಿಸ್ಲೊಟ್ಸ್ಕಿ 1928ರಲ್ಲಿ ಫಿಲಡೆಲ್ಫಿಯಾದಲ್ಲಿ "ಲೆಮ್ಕೊ" ಪತ್ರಿಕೆ ಶುರುಮಾಡಿದ. ವಾನ್ಯೊ ಹುನ್ಯಾಂಕಾ ಎಂಬುದು ಅವನ ಕಾವ್ಯನಾಮ. ಹುನ್ಯಾ ಎಂದರೆ ಬೆಟ್ಟದವರ ಒರಟು ಉಣ್ಣೆಯ ಮೇಲಂಗಿ, ಹಾಗಾಗಿ ಹೆಸರು ಕೇಳಿದೊಡನೆ ಓದುಗನಿಗೆ ಇವನು ನಮ್ಮವನು ಎನಿಸಬೇಕು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಸೇನೆ ರಷ್ಯಾದ ಪರ ಎಂಬ ಗುಮಾನಿಯ ಮೇಲೆ ಸಾವಿರಾರು ರುಸಿನರನ್ನು ಗ್ರಾಜ್ ಬಳಿಯ ಥಾಲರ್‌ಹೋಫ್ ಶಿಬಿರಕ್ಕೆ ತಳ್ಳಿತ್ತು. ಆರ್ಥೊಡಾಕ್ಸ್ ಪಾದ್ರಿ ಮಕ್ಸಿಂ ಸಂದೋವಿಚ್‌ರನ್ನು 1914ರ ಸೆಪ್ಟೆಂಬರ್ 6ರಂದು ಗೋರ್ಲಿತ್ಸೆಯಲ್ಲಿ ಗುಂಡಿಕ್ಕಿ ಕೊಂದಿತ್ತು. ವಿಸ್ಲೊಟ್ಸ್ಕಿಗೂ ಮರಣದಂಡನೆ ಆಗಿತ್ತು, ಕ್ಷಮಾದಾನದಿಂದ ಬದುಕಿ 1920ರ ದಶಕದಲ್ಲಿ ಕೆನಡಾ ಸೇರಿ, ಅಲ್ಲಿಂದ ಅಮೆರಿಕಕ್ಕೆ ಬಂದಿದ್ದ. 1929ರಲ್ಲಿ ವಿನಿಪೆಗ್‌ನಲ್ಲಿ ಲೆಮ್ಕೊ ಸೊಯೂಜ್ ಎಂಬ ಸಂಘದ ಮೊದಲ ಶಾಖೆ, 1931ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಅಮೆರಿಕ ಮತ್ತು ಕೆನಡಾಕ್ಕೆ ಸೇರಿದ ಒಟ್ಟು ಸಂಘ.

ಪತ್ರಿಕೆ ಎದುರಿಸಿದ ಮೊದಲ ಪ್ರಶ್ನೆ ಭಾಷೆ. ಹಳೆಯ ರಷ್ಯನ್ ಪರ ಪತ್ರಿಕೆಗಳು ರಷ್ಯನ್, ಚರ್ಚ್ ಸ್ಲಾವೊನಿಕ್ ಎಂಬ ಪೂಜೆಯ ಹಳೆಯ ನುಡಿ, ಊರ ಮಾತು ಮೂರನ್ನೂ ಕಲಸಿದ ಒಂದು ಪಂಡಿತ ನುಡಿಯಲ್ಲಿ ಬರೆಯುತ್ತಿದ್ದವು. ಉಕ್ರೇನಿಯನ್ ಪತ್ರಿಕೆಗಳದು ಲ್ವಿವ್ ನಗರದ ಶಿಷ್ಟ ಭಾಷೆ. ವಿಸ್ಲೊಟ್ಸ್ಕಿ ಹಳ್ಳಿಯಲ್ಲಿ ಆಡುವಂತೆಯೇ ಬರೆದ. ಆ ಮಾತಿನಲ್ಲಿ ಒತ್ತು ಯಾವಾಗಲೂ ಪದದ ಕೊನೆಯಿಂದ ಎರಡನೇ ಅಕ್ಷರದ ಮೇಲೆ, ಪೋಲಿಷ್‌ನ ಹಾಗೆ. ರಷ್ಯನ್, ಉಕ್ರೇನಿಯನ್ ಎರಡರಲ್ಲೂ ಒತ್ತು ಅಲೆಯುತ್ತದೆ. ಇದರ ಜೊತೆಗೆ ಅಮೆರಿಕದಲ್ಲಿ ಸೇರಿದ ಪದಗಳು: ಗಣಿಗೆ "ಮಾಯ್ನಾ", ಅಂಗಡಿಗೆ "ಶ್ಟೋರ್", ಮೇಸ್ತ್ರಿಗೆ "ಬೋಸ್". ಪಂಡಿತರು ಮೂಗು ಮುರಿದರು. ಆದರೆ ಊರಲ್ಲಿ ಎರಡು ಮೂರು ಚಳಿಗಾಲ ಮಾತ್ರ ಶಾಲೆ ಕಂಡವನು ನಿಘಂಟಿಲ್ಲದೆ ಓದಬಲ್ಲದ್ದು ಇದನ್ನೇ.

ಎರಡನೆಯದು ಅಚ್ಚಿನ ಮೊಳೆ. ಲೆಮ್ಕೊ ಮಾತಿನಲ್ಲಿ ಮೂರು ಬಗೆಯ "ಇ" ಬರಹದಲ್ಲಿ ಬೇರೆಬೇರೆ ಕಾಣಬೇಕು. ನಾಲಿಗೆಯನ್ನು ತೀರಾ ಹಿಂದಕ್ಕೆಳೆದು ನುಡಿಯುವ "ಇ"ಗೆ ರಷ್ಯನ್ ಮೊಳೆಪೆಟ್ಟಿಗೆಯಲ್ಲಿ ಅಕ್ಷರವಿದೆ, ಉಕ್ರೇನಿಯನ್ ಪೆಟ್ಟಿಗೆಯಲ್ಲಿ ಇಲ್ಲ. "ಯಿ" ಎಂಬುದಕ್ಕೆ ಉಕ್ರೇನಿಯನ್‌ನಲ್ಲಿ ಎರಡು ಚುಕ್ಕಿಯ ಅಕ್ಷರವಿದೆ, ರಷ್ಯನ್‌ನಲ್ಲಿ ಇಲ್ಲ. ಒಂದೇ ಪೆಟ್ಟಿಗೆ ಕೊಂಡ ಮುದ್ರಕನಿಗೆ ಒಂದಲ್ಲ ಒಂದು ಅಕ್ಷರ ಕೊರತೆ. ಆ ಕಾಲದ ಅಮೆರಿಕದ ರುಸಿನ್ ಮುದ್ರಣಗಳಲ್ಲಿ ಕಾಗುಣಿತ ಪುಟದಿಂದ ಪುಟಕ್ಕೆ ಬದಲಾದರೆ ಬರೆದವನನ್ನಷ್ಟೇ ದೂರಬೇಡಿ, ಮೊಳೆಯ ಪೆಟ್ಟಿಗೆಯನ್ನೂ ನೆನೆಯಿರಿ. ಮಕ್ಕಳಿಗೆ ಸಿರಿಲಿಕ್ ಬಾರದಾದಾಗ ಲ್ಯಾಟಿನ್ ಲಿಪಿಯ ಬರಹಗಳೂ ಸೇರಿಕೊಂಡವು.

ಪತ್ರಿಕೆಗಿಂತ ಹೆಚ್ಚು ಬಾಳಿಕೆ ಬಂದದ್ದು ವರ್ಷಕ್ಕೊಮ್ಮೆ ತರುತ್ತಿದ್ದ ಕಲೆಂಡಾರ್. ಹೆಸರು ಪಂಚಾಂಗವಾದರೂ ಅದೊಂದು ದಪ್ಪ ಪುಸ್ತಕ. ಜೂಲಿಯನ್ ಮತ್ತು ಗ್ರೆಗೋರಿಯನ್ ದಿನಾಂಕಗಳು ಅಕ್ಕಪಕ್ಕ, 13 ದಿನದ ಅಂತರ. ಆಮೇಲೆ ಕಥೆ, ಊರಿನ ಚರಿತ್ರೆ, ನಾಟಕ, ಜಾಹೀರಾತು. ಚರ್ಚಿನ ಜೂಲಿಯನ್ ಲೆಕ್ಕದಲ್ಲಿ ಕ್ರಿಸ್‌ಮಸ್ ಜನವರಿ 7ಕ್ಕೆ, ಆದರೆ ಗಣಿಯೂ ಗಿರಣಿಯೂ ರಜೆ ಕೊಡುವುದು ಡಿಸೆಂಬರ್ 25ಕ್ಕೆ. ಒಂದು ಪಾಳಿ ತಪ್ಪಿಸಿದರೆ ಒಂದು ದಿನದ ಕೂಲಿ ಹೋಯಿತು, ಮಹಾಕುಸಿತದ ವರ್ಷಗಳಲ್ಲಿ ಕೆಲಸವೇ ಹೋಗಬಹುದು. ಎಷ್ಟೋ ಊರುಗಳಲ್ಲಿ ಚರ್ಚು ಒಡೆದದ್ದು ದೇವತಾಶಾಸ್ತ್ರಕ್ಕಲ್ಲ, ಈ 13 ದಿನಕ್ಕೆ.

ನನಗೆ ಅತ್ಯಂತ ಪ್ರಿಯವಾದ ಭಾಗ ಗ್ರಾಮಫೋನ್ ಪ್ಲೇಟು. 1925ರಲ್ಲಿ ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂದ ಮೇಲೆ ಕಂಪನಿಗಳು ವಲಸಿಗರ ಭಾಷೆಗಳಲ್ಲಿ ಪ್ಲೇಟು ಹೊರಡಿಸಲು ಪೈಪೋಟಿಗಿಳಿದವು. ಪಿಟೀಲುವಾದಕ ಪಾವ್ಲೊ ಹುಮೆನ್ಯುಕ್ 1926ರಲ್ಲಿ ನುಡಿಸಿದ ಉಕ್ರೇನಿಯನ್ ಮದುವೆಯ ಪ್ಲೇಟು ನಿರೀಕ್ಷೆ ಮೀರಿ ಮಾರಿತು. ಕೂಡಲೇ ಪ್ರತಿ ಕಂಪನಿಗೂ ಪ್ರತಿ ಜನಾಂಗದ ಮದುವೆ ಬೇಕಾಯಿತು. ಲೆಮ್ಕೊಗಳ ಸರದಿ 1928ಕ್ಕೆ ಬಂತು, ಸ್ಟೆಫಾನ್ ಶ್ಕಿಂಬಾನ ತಂಡದಿಂದ. 1930ರ ಹೊತ್ತಿಗೆ ಎಲ್ಲ ಮುಗಿದಿತ್ತು, ಮಹಾಕುಸಿತದಲ್ಲಿ ಮೊದಲು ಕತ್ತರಿ ಬಿದ್ದದ್ದೇ ವಲಸಿಗರ ಪಟ್ಟಿಗಳಿಗೆ. ಲೆಮ್ಕೊ ಹಾಡಿನ ಅಮೆರಿಕದ ಧ್ವನಿಮುದ್ರಣದ ಯುಗವೆಂದರೆ ಈ ಮೂರು ವರ್ಷ.

ಮದುವೆಯನ್ನು ಪ್ಲೇಟಿಗೆ ಇಳಿಸುವುದು ಹೇಗೆ? ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಹಿಡಿಯುತ್ತದೆ, ಹನ್ನೆರಡಿಂಚಿನದಕ್ಕೆ ನಾಲ್ಕು ಚಿಲ್ಲರೆ. ಬೆಲೆ ಸಾಮಾನ್ಯವಾಗಿ 75 ಸೆಂಟ್, ದೊಡ್ಡದಕ್ಕೆ ಒಂದೂಕಾಲು ಡಾಲರ್. ಊರಿನಲ್ಲಿ ಮದುವೆಯೆಂದರೆ ದಿನಗಟ್ಟಲೆ. ಮಾಲೆ ಹೆಣೆಯುವುದು, ತಂದೆತಾಯಿಯರ ಆಶೀರ್ವಾದ, ಚರ್ಚಿಗೆ ದಿಬ್ಬಣ, ಊಟ, ಕೊನೆಗೆ ಮದುಮಗಳ ಮಾಲೆ ತೆಗೆದು ಮುತ್ತೈದೆಯ ಟೋಪಿ ತೊಡಿಸುವುದು. ಪ್ರತಿ ಹಂತಕ್ಕೂ ಸ್ವಾಶ್ಕಾ ಎಂಬ ಹೆಂಗಸರ ಗುಂಪು ಹಾಡಬೇಕು, ಸ್ತಾರೋಸ್ತಾ ಎಂಬ ಹಿರಿಯ ಮಾತು ನಡೆಸಬೇಕು. ಇದನ್ನೆಲ್ಲ ಮೂರು ಮೂರು ನಿಮಿಷದ ತುಂಡು ಮಾಡಿ, ಒಂದೊಂದು ಹಂತಕ್ಕೆ ಒಂದೊಂದು ಮಗ್ಗುಲು ಕೊಟ್ಟರು. ನಡುನಡುವೆ ಮಾತು, ತಮಾಷೆ, ಅಳು, ಗಾಜಿನ ಲೋಟದ ಸದ್ದು. ವಾದ್ಯದಲ್ಲಿ ಪ್ರಿಂ ಎಂಬ ಮೊದಲ ಪಿಟೀಲು ರಾಗ ಹಿಡಿಯುತ್ತದೆ, ಸೆಕುಂದ್ ಎಂಬ ಎರಡನೆಯದು ಎದುರುತಾಳದಲ್ಲಿ ಕುಟ್ಟುತ್ತದೆ, ಬಾಸಿ ಎಂಬ ದೊಡ್ಡದು ನೆಲ ಹಿಡಿಯುತ್ತದೆ. ಮೈಕಿಲ್ಲದೆ ಕೊಳವೆಯ ಬಾಯಿಗೆ ಹಾಡುತ್ತಿದ್ದ ಹಳೆಯ ಮುದ್ರಣದಲ್ಲಿ ಬಾಸಿ ಕೇಳಿಸುತ್ತಲೇ ಇರಲಿಲ್ಲ, ಮೈಕು ಬಂದ ಮೇಲೆ ಕೇಳಿಸಿತು. ಮೇಣದ ತಟ್ಟೆಯ ಮೇಲೆ ಕೊರೆದದ್ದನ್ನು ತಿದ್ದುವಂತಿಲ್ಲ. ಎರಡನೇ ನಿಮಿಷದಲ್ಲಿ ಯಾರೋ ಕೆಮ್ಮಿದರೂ ಮೊದಲಿಂದ ಮತ್ತೆ. ಅದಕ್ಕೇ ಅನುಭವಿಗಳು ಪದ್ಯಗಳ ಸಂಖ್ಯೆಯನ್ನು ಮೊದಲೇ ಕಡಿದು, ಗಡಿಯಾರ ನೋಡಿ ಲಯ ಚುರುಕು ಮಾಡುತ್ತಿದ್ದರು. ಇವತ್ತು ಆ ಪ್ಲೇಟುಗಳನ್ನು ಕೇಳಿ "ಲೆಮ್ಕೊ ಮದುವೆ ಕುಣಿತದ ವೇಗ ಇಷ್ಟು" ಎಂದು ತೀರ್ಮಾನಿಸುವವರು ಇದನ್ನು ಮರೆಯಬಾರದು.

ಕಾಕತಾಳೀಯ ನೋಡಿ: ಜಾನಪದ ಸಂಗೀತದ ವಿದ್ವಾಂಸ ಫಿಲಾರೆಟ್ ಕೊಲೆಸ್ಸಾ 1911–13ರಲ್ಲಿ ಲೆಮ್ಕೊ ಹಳ್ಳಿಗಳಲ್ಲಿ ಮೇಣದ ಸಿಲಿಂಡರಿನ ಮೇಲೆ ಹಿಡಿದ ಹಾಡುಗಳ ಸಂಗ್ರಹ ಲ್ವಿವ್‌ನಲ್ಲಿ ಅಚ್ಚಾದದ್ದು 1929ರಲ್ಲಿ. ಅದೇ ವರ್ಷ ಅದೇ ಮಾತಿನ ಹಾಡುಗಳು ಅಮೆರಿಕದ ಅಂಗಡಿಗಳಲ್ಲಿ ಬಿಕರಿಯಾಗುತ್ತಿದ್ದವು. ಒಂದು ವಿದ್ವಾಂಸರ ಕಪಾಟಿಗೆ, ಇನ್ನೊಂದು ಅಡುಗೆಮನೆಯ ಮೇಜಿಗೆ.

ಸಭಾಂಗಣದ ಲೆಕ್ಕಾಚಾರ ಬೇರೆಯೇ. ಶಾಖೆಗಳು ನಾಟಕ ಆಡುತ್ತಿದ್ದವು, ಬಾಲಲೈಕಾ ಎಂಬ ತಂತಿವಾದ್ಯದ ತಂಡ, ಗಾಯನ ತಂಡ, ಮಕ್ಕಳ ಸಂಜೆಶಾಲೆ ನಡೆಸುತ್ತಿದ್ದವು. ಇದಕ್ಕೆಲ್ಲ ವೇದಿಕೆ ಬೇಕು, ವೇದಿಕೆಗೆ ಬಾಡಿಗೆ ಬೇಕು. ಸದಸ್ಯರ ಚಂದಾ ದೀಪ, ಕಲ್ಲಿದ್ದಲಿಗೆ ಸಾಲುವಷ್ಟು. ಹಾಲ್ ಉಳಿಯುವುದು ಮದುವೆ ಬಾಡಿಗೆಯಿಂದ ಮತ್ತು ಬಾರ್‌ನಿಂದ. ಮದ್ಯನಿಷೇಧ 1933ರ ಡಿಸೆಂಬರಿಗೆ ಮುಗಿದ ಮೇಲೆ ವಲಸಿಗರ ಹಾಲ್‌ಗಳು ತಲೆಯೆತ್ತಲು ಇದೂ ಒಂದು ಕಾರಣ. ನಾಟಕದ ರಾತ್ರಿ ಟಿಕೆಟಿಗಿಂತ ಬಿಯರಿನಿಂದ ಹೆಚ್ಚು ಹುಟ್ಟುತ್ತದೆ ಎಂಬುದನ್ನು ಖಜಾಂಚಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾಂಕರ್ಸ್‌ನಲ್ಲಿ 1938ರಲ್ಲಿ ಕಾರ್ಪಾಥೊ-ರಷ್ಯನ್ ಅಮೆರಿಕನ್ ಸೆಂಟರ್ ಎದ್ದಿತು. ಹೆಸರು ಗಮನಿಸಿ, ಅದನ್ನು ಕಟ್ಟಿದವರು ಲೆಮ್ಕೊಗಳೇ, ಆದರೂ ಬಾಗಿಲ ಮೇಲೆ ಲೆಮ್ಕೊ ಎಂಬ ಪದವಿಲ್ಲ. 1939ರಲ್ಲಿ ಸಂಘದ ಕೇಂದ್ರವೂ ಅಲ್ಲಿಗೆ ಬಂತು, ಪತ್ರಿಕೆಯ ಹೆಸರೂ "ಕಾರ್ಪಾತ್ಸ್ಕಾ ರುಸ್" ಆಯಿತು. ಕ್ಲೀವ್‌ಲ್ಯಾಂಡಿನ ಟ್ರೆಮಾಂಟ್ ಬಡಾವಣೆಯ ಲೆಮ್ಕೊ ಹಾಲ್ ಮಾತ್ರ ಆ ಹೆಸರಲ್ಲೇ ಪ್ರಸಿದ್ಧ. 1970ರ ದಶಕದ ಒಂದು ಹಾಲಿವುಡ್ ಚಿತ್ರದ ಮದುವೆ ಔತಣದ ದೃಶ್ಯ ಚಿತ್ರೀಕರಣವಾದದ್ದು ಅಲ್ಲೇ, ಪ್ರೇಕ್ಷಕರು ಅದನ್ನು ರಷ್ಯನ್ ಮದುವೆ ಎಂದುಕೊಂಡರು.

ಲೆಮ್ಕೊ ಸೊಯೂಜಿನ ರಾಜಕೀಯವನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಸಂಘ ಎಡಕ್ಕೆ ವಾಲಿತು, ಸೋವಿಯತ್ ಒಕ್ಕೂಟವನ್ನು ಹಾಡಿ ಹೊಗಳಿತು. ಹಳೆಯ ರಷ್ಯಾ ಮೋಹ ಮತ್ತು ಕಾರ್ಖಾನೆಯ ಸಿಟ್ಟು ಎರಡೂ ಒಂದೇ ಬಾಟಲಿಗೆ ಬಿದ್ದದ್ದರ ಫಲ ಅದು. ಕಮ್ಯುನಿಸ್ಟ್ ಒಲವಿನ ಇಂಟರ್‌ನ್ಯಾಷನಲ್ ವರ್ಕರ್ಸ್ ಆರ್ಡರ್ ಎಂಬ ವಿಮಾ ಸಂಘದಲ್ಲಿ ಕಾರ್ಪಾಥೊ-ರಷ್ಯನ್ ವಿಭಾಗವೇ ಇತ್ತು. ಇದಕ್ಕೆ ಎದುರಾಗಿ ಉಕ್ರೇನಿಯನ್ ಒಲವಿನ ಲೆಮ್ಕೊಗಳು 1930ರ ದಶಕದ ನಡುವಿನಲ್ಲಿ ತಮ್ಮದೇ ರಕ್ಷಣಾ ಸಂಘ ಕಟ್ಟಿದರು. ಒಂದು ಹಳ್ಳಿಯ ಇಬ್ಬರು ಅಣ್ಣತಮ್ಮಂದಿರು ಎರಡು ಸಂಘ, ಎರಡು ಪತ್ರಿಕೆ, ಎರಡು ಚರ್ಚು ಹಂಚಿಕೊಂಡ ಸ್ಥಿತಿ. ವಿಸ್ಲೊಟ್ಸ್ಕಿ 1946ರಲ್ಲಿ ಸೋವಿಯತ್ ಒಕ್ಕೂಟಕ್ಕೇ ಹೋಗಿ, 1968ರಲ್ಲಿ ಲ್ವಿವ್‌ನಲ್ಲಿ ತೀರಿಕೊಂಡ. ಅವನು ಹೊಗಳಿದ ವ್ಯವಸ್ಥೆಯಡಿ ಲೆಮ್ಕೊ ಭಾಷೆಗೊಂದು ಶಾಲೆಯಾಗಲಿ ಪತ್ರಿಕೆಯಾಗಲಿ ಇರಲಿಲ್ಲ.

ಅತ್ತ ಊರಿನಲ್ಲಿ ಮೆಥೋದಿ ಟ್ರೊಖಾನೊವ್ಸ್ಕಿ ಪೋಲಿಷ್ ಸರ್ಕಾರದ ಒಪ್ಪಿಗೆಯಿಂದ ಲೆಮ್ಕೊ ಮಾತಿನಲ್ಲಿ ಅಕ್ಷರಮಾಲೆ ಪುಸ್ತಕ ಬರೆದರು. 1930ರ ದಶಕದಲ್ಲಿ ಕೆಲವು ವರ್ಷ ಅದು ಶಾಲೆಗಳಲ್ಲಿತ್ತು, ಯುದ್ಧಕ್ಕೆ ಮೊದಲೇ ನಿಂತಿತು. ಸರ್ಕಾರಕ್ಕೆ ಬೇಕಿದ್ದದ್ದು ಲೆಮ್ಕೊಗಳು ಉಕ್ರೇನಿಯನ್ ಆಗದಿರುವುದು, ಲೆಮ್ಕೊ ಆಗಿ ಉಳಿಯುವುದಲ್ಲ.

ಡಾಲರಿನ ಕಥೆಯೂ ಇಷ್ಟೇ ಏರುಪೇರಿನದು. ಹಡಗು ಟಿಕೆಟ್ ಮಾರುವ ಏಜೆಂಟನೇ ಹಣ ಕಳಿಸುವ ಬ್ಯಾಂಕರ್ ಕೂಡ ಆಗಿದ್ದ, ಅವನು ಓಡಿಹೋದರೆ ಹಣವೂ ಹೋಯಿತು. ಯುದ್ಧಕ್ಕೆ ಮುಂಚೆ ಆಸ್ಟ್ರಿಯನ್ ಕ್ರೋನ್‌ನಲ್ಲಿ ಕೂಡಿಟ್ಟದ್ದು ಸಾಮ್ರಾಜ್ಯದ ಜೊತೆಗೇ ಕರಗಿತು. 1924ರಲ್ಲಿ ಪೋಲೆಂಡ್ 18 ಲಕ್ಷ ಮಾರ್ಕಿಗೆ ಒಂದು ಝ್ಲೋಟಿಯಂತೆ ನಾಣ್ಯ ಬದಲಿಸಿದಾಗ, ಬಂದ ಡಾಲರನ್ನು ಕೂಡಲೇ ಮಾರ್ಕಿಗೆ ಬದಲಿಸಿ ಇಟ್ಟುಕೊಂಡವರಿಗೆ ಏನೂ ಉಳಿಯಲಿಲ್ಲ, ದಿಂಬಿನಡಿ ಡಾಲರಾಗಿಯೇ ಇಟ್ಟವರು ನೆಲ ಕೊಂಡರು. ಕಲ್ಲಿನಲ್ಲಿ ಹೂಡಿದವರದು ಎಲ್ಲಕ್ಕಿಂತ ಗಟ್ಟಿ. ಬಾರ್ತ್ನೆ ಎಂಬ ಹಳ್ಳಿಯ ಕಲ್ಲುಕುಟಿಗರು ಬೆಟ್ಟದ ಮರಳುಗಲ್ಲಿನಲ್ಲಿ ಕಡೆದ ದಾರಿಬದಿಯ ಶಿಲುಬೆಗಳ ಪೀಠದ ಮೇಲೆ ದಾನಿಯ ಹೆಸರು, ಇಸವಿ, ಕೆಲವದರ ಮೇಲೆ ಅಮೆರಿಕದಿಂದ ಎಂಬ ಮಾತು ಇಂದಿಗೂ ಓದಲು ಸಿಗುತ್ತದೆ. ಸುತ್ತಲಿನ ಮರದ ಮನೆಗಳಿಲ್ಲ. 1944–46ರಲ್ಲಿ ಬಹುಪಾಲು ಲೆಮ್ಕೊಗಳನ್ನು ಸೋವಿಯತ್ ಉಕ್ರೇನಿಗೆ, ಉಳಿದವರನ್ನು 1947ರ ವಿಸ್ಲಾ ಕಾರ್ಯಾಚರಣೆಯಲ್ಲಿ ಪೋಲೆಂಡಿನ ಪಶ್ಚಿಮ, ಉತ್ತರಕ್ಕೆ ಚದುರಿಸಿದರು.

ಹಳೆಯ ಕಾಗದದಲ್ಲಿ ಲೆಮ್ಕೊಗಳನ್ನು ಹುಡುಕುವವರಿಗೆ ಕೆಲವು ಮಾತು. ಅಮೆರಿಕದ ಜನಗಣತಿಯಲ್ಲಿ ಲೆಮ್ಕೊ ಎಂದು ಹುಡುಕಿದರೆ ಫಲವಿಲ್ಲ, ರಷ್ಯನ್, ರುಥೇನಿಯನ್, ಆಸ್ಟ್ರಿಯನ್, ಪೋಲಿಷ್, ಸ್ಲೋವಾಕ್ ಎಲ್ಲವನ್ನೂ ನೋಡಬೇಕು. 1906ರ ನಂತರದ ಪೌರತ್ವದ ಅರ್ಜಿಯಲ್ಲಿ ಹುಟ್ಟೂರು ಸಿಗುವ ಸಾಧ್ಯತೆ ಹೆಚ್ಚು. ಊರಿನ ಹೆಸರನ್ನು ಪೋಲಿಷ್ ರೂಪ, ಲೆಮ್ಕೊ ರೂಪ ಎರಡರಲ್ಲೂ ಇಟ್ಟುಕೊಳ್ಳಿ: ಬಾರ್ತ್ನೆ ಮತ್ತು ಬೋರ್ತ್ನೆ ಒಂದೇ. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹೋಲ್‌ನನ್ನು ಲೆಮ್ಕೊ ಎಂದು ಪಟ್ಟಿಗೆ ಸೇರಿಸುವ ಅಭ್ಯಾಸವಿದೆ, ಅವನ ತಂದೆತಾಯಿಯ ಊರು ಮಿಕೋವಾ ಬೆಟ್ಟದ ದಕ್ಷಿಣಕ್ಕೆ, ಇಂದಿನ ಸ್ಲೊವಾಕಿಯಾದಲ್ಲಿದೆ, ಅಲ್ಲಿಯವರು ತಮ್ಮನ್ನು ರುಸಿನ್ ಎನ್ನುತ್ತಾರೆ. ಅವನ ತಾಯಿ ಗಂಡನನ್ನು ಸೇರಲು ಬಂದದ್ದು 1921ರಲ್ಲಿ. ಇನ್ನು ಭೂಪಟದಲ್ಲಿ ಉಸ್ತ್ಯೆ ರುಸ್ಕೆ ಎಂಬ ಹಳ್ಳಿ ಕಾಣದಿದ್ದರೆ ಗಾಬರಿಯಾಗಬೇಡಿ. ಯುದ್ಧದ ನಂತರ ಅದರ ಹೆಸರಿನಿಂದ "ರುಸ್ಕೆ"ಯನ್ನು ಕಿತ್ತು "ಗೋರ್ಲಿಟ್ಸ್ಕಿಯೆ" ಎಂದು ಸೇರಿಸಿದ್ದಾರೆ, ಊರು ಅದೇ ಹೊಳೆಯ ದಂಡೆಯಲ್ಲೇ ಇದೆ.